ಬಡ್ಡಿ ಇಳಿಸುವ ಕಸುಬು

ಕ್ರೆಡಿಟ್ ಕಾರ್ಡಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಎರಡು ಮೊತ್ತಗಳು ದಪ್ಪ ಅಕ್ಷರದಲ್ಲಿರುತ್ತವೆ. ಒಂದು ಒಟ್ಟು ಬಾಕಿ, ಇನ್ನೊಂದು ಕನಿಷ್ಠ ಪಾವತಿ. ಒಟ್ಟು ಬಾಕಿ ಎರಡು ಲಕ್ಷವಿದ್ದರೆ ಕನಿಷ್ಠ ಪಾವತಿ ಹಲವು ಕಾರ್ಡುಗಳಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿರುತ್ತದೆ. ಆಸ್ಪತ್ರೆಯ ಬಿಲ್ಲೋ ಮಕ್ಕಳ ಕಾಲೇಜು ಶುಲ್ಕವೋ ಒಮ್ಮೆ ಕಾರ್ಡಿನ ತಲೆಗೆ ಬಿದ್ದ ಮನೆಗಳಲ್ಲಿ, ಸಂಬಳ ಬಂದ ಕೂಡಲೇ ಆ ಹತ್ತು ಸಾವಿರ ಕಟ್ಟಿ ಈ ತಿಂಗಳು ಕಳೆಯಿತು ಎಂದುಕೊಳ್ಳುತ್ತಾರೆ. ವರ್ಷ ಉರುಳಿದ ಮೇಲೆ ನೋಡಿದರೆ ಬಾಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಇಂಥ ಸಾಲವನ್ನು ಎತ್ತಿ ಕಡಿಮೆ ಬಡ್ಡಿಯ ಇನ್ನೊಂದು ಸಾಲಕ್ಕೆ ದಾಟಿಸುವುದು ಒಂದು ಕಸುಬು. ಅದಕ್ಕೆ ಅಂಗಡಿಯಿಲ್ಲ, ಬೋರ್ಡಿಲ್ಲ. ಮನೆಯಲ್ಲಿ ಲೆಕ್ಕ ನೋಡುವವರು, ಬ್ಯಾಂಕಿನ ಸಾಲದ ಕೌಂಟರಿನವರು, ಒಡವೆ ಪರೀಕ್ಷಿಸುವವರು, ಈ ಮೂವರ ಕೈಯಲ್ಲಿ ಅದು ಹಂಚಿಹೋಗಿದೆ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದರ ಹಿಂದೆ ಇದ್ದದ್ದು ಇದೇ ಯೋಚನೆ: ಸಾಹುಕಾರನ ದುಬಾರಿ ಸಾಲದಿಂದ ರೈತನನ್ನು ಬಿಡಿಸಿ ನ್ಯಾಯವಾದ ಬಡ್ಡಿಯ ಸಾಲಕ್ಕೆ ತರುವುದು. ಈಗ ಸಾಹುಕಾರನ ಜಾಗದಲ್ಲಿ ಕಾರ್ಡು ಬಂದಿದೆ. ಕೆಲಸದ ಕ್ರಮ ಮಾತ್ರ ಹಾಗೆಯೇ ಉಳಿದಿದೆ.

ಸ್ಟೇಟ್‌ಮೆಂಟ್ ಓದುವುದು

ಮೊದಲ ಹಂತ ಓದು. ಮುಖಪುಟವನ್ನು ಬದಿಗಿಟ್ಟು ಸಣ್ಣ ಅಕ್ಷರದ ಪುಟಕ್ಕೆ ಹೋಗಬೇಕು. ಫೈನಾನ್ಸ್ ಚಾರ್ಜಸ್ ಎಂಬ ಹೆಸರಿನಲ್ಲಿ ಬಡ್ಡಿಯ ದರ ಅಲ್ಲಿ ಕೂತಿರುತ್ತದೆ. ತಿಂಗಳಿಗೆ ಶೇ 3.5, ಶೇ 3.75, ಹೀಗೆ. ಕೈಸಾಲದ ಭಾಷೆಯಲ್ಲಿ ಹೇಳುವುದಾದರೆ ಇದು ಮೂರೂವರೆ ರೂಪಾಯಿ ಬಡ್ಡಿ. ಮೂರು ರೂಪಾಯಿ ಬಡ್ಡಿಗೆ ಯಾರಾದರೂ ಸಾಲ ತಂದರು ಎಂದರೆ ಹೌಹಾರುವ ಮನೆಯಲ್ಲೇ ಈ ದರ ಸದ್ದಿಲ್ಲದೆ ನಡೆಯುತ್ತಿರುತ್ತದೆ. ವರ್ಷದ ಲೆಕ್ಕದಲ್ಲಿ ಅದು ಶೇ 42ರಿಂದ 45. ಕಾರ್ಡಿನ ಬಡ್ಡಿ ಶೇ 30 ದಾಟಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ಬಡ್ಡಿಯ ಜೊತೆಗೆ ತೆರಿಗೆಯೂ ಇದೆ. ಮನೆ ಸಾಲ, ಒಡವೆ ಸಾಲ, ವೈಯಕ್ತಿಕ ಸಾಲಗಳ ಬಡ್ಡಿಯ ಮೇಲೆ ಜಿಎಸ್‌ಟಿ ಇಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ, ಅದರ ಮೇಲೆ ಶೇ 18 ಬೀಳುತ್ತದೆ. ಇದನ್ನೂ ಸೇರಿಸಿದರೇ ಲೆಕ್ಕ ಪೂರ್ತಿ.

ಎರಡು ಲಕ್ಷದ ಬಾಕಿಯನ್ನೇ ಹಿಡಿಯೋಣ. ಶೇ 3.5ರಂತೆ ಒಂದು ತಿಂಗಳ ಬಡ್ಡಿ 7,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ 1,260. ಎರಡೂ ಸೇರಿ 8,260. ಕಟ್ಟಿದ ಹತ್ತು ಸಾವಿರದಲ್ಲಿ ಅಸಲಿಗೆ ಹೋದದ್ದು 1,740 ರೂಪಾಯಿ ಮಾತ್ರ. ಮುಂದಿನ ತಿಂಗಳು 1,98,260ರ ಮೇಲೆ ಬಡ್ಡಿ ಮತ್ತು ತೆರಿಗೆ 8,188, ಅಸಲಿಗೆ ಹೋಗುವುದು 1,812. ಕಾರ್ಡನ್ನು ಮತ್ತೆ ಮುಟ್ಟದೆ, ಒಂದು ತಿಂಗಳೂ ತಪ್ಪದೆ ಹತ್ತು ಸಾವಿರ ಕಟ್ಟುತ್ತ ಹೋದರೂ ಸಾಲ ತೀರಲು 44 ತಿಂಗಳು ಬೇಕು. ಕೊನೆಗೆ ಕೈಬಿಟ್ಟ ಹಣ ಸುಮಾರು 4.32 ಲಕ್ಷ. ಕನಿಷ್ಠ ಪಾವತಿ ಬಾಕಿಯ ಜೊತೆಗೇ ಇಳಿಯುತ್ತ ಬರುವುದರಿಂದ, ಅಷ್ಟನ್ನೇ ಕಟ್ಟುವವರಿಗೆ ಅವಧಿ ಇನ್ನೂ ಉದ್ದ.

ಓದಿನಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಬಾಕಿಯನ್ನು ಪೂರ್ತಿ ಕಟ್ಟುವವರಿಗೆ ಮಾತ್ರ ಬಡ್ಡಿರಹಿತ ಅವಧಿ ಸಿಗುತ್ತದೆ. ಒಂದು ಭಾಗ ಉಳಿಸಿಕೊಂಡರೆ ಆ ಸೌಲಭ್ಯ ತಪ್ಪಿ, ಖರೀದಿಸಿದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ನಿನ್ನೆ ಕೊಂಡ ದಿನಸಿಗೂ ಮೂರೂವರೆ ರೂಪಾಯಿ ಬಡ್ಡಿ. ಆದ್ದರಿಂದ ಬಲ್ಲವರು ಈ ಹಂತದಲ್ಲೇ ಕಾರ್ಡನ್ನು ಬೀರುವಿನಲ್ಲಿಡುತ್ತಾರೆ. ಆಮೇಲೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಳ್ಳುತ್ತಾರೆ: ಯಾವ ಕಾರ್ಡು, ಬಾಕಿ ಎಷ್ಟು, ತಿಂಗಳ ದರ ಎಷ್ಟು, ಕಾರ್ಡಿನ ಮೇಲೆ ನಡೆಯುತ್ತಿರುವ ಇಎಂಐಗಳು ಯಾವುವು. ಕಾರ್ಡು ಮೂರಿದ್ದರೆ ದರ ಹೆಚ್ಚಿರುವುದು ಮೊದಲು.

ಯಾವ ಸಾಲಕ್ಕೆ ದಾಟಿಸುವುದು

ದಾರಿಗಳು ಹಲವು. ಕಾರ್ಡು ಕೊಟ್ಟ ಬ್ಯಾಂಕೇ ಬಾಕಿಯನ್ನು ಇಎಂಐ ಮಾಡಿಕೊಡುತ್ತದೆ. ದರ ಇಳಿಯುತ್ತದೆ, ಆದರೆ ಅದು ಇನ್ನೂ ಕಾರ್ಡಿನ ಸಾಲವೇ ಆದ್ದರಿಂದ ಪ್ರತಿ ಕಂತಿನ ಬಡ್ಡಿಯ ಮೇಲೆ ಶೇ 18 ತೆರಿಗೆ ಹಾಗೇ ಉಳಿಯುತ್ತದೆ. ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದು ಕಾರ್ಡಿಗೆ ವರ್ಗಾಯಿಸುವ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಇದೆ. ಕೆಲವು ತಿಂಗಳ ಮಟ್ಟಿಗೆ ದರ ಬಹಳ ಕಡಿಮೆ. ಗಡುವು ಮುಗಿದ ಮರುದಿನ ಹಳೆಯ ದರ ಮರಳುತ್ತದೆ. ಎರಡು ಮೂರು ತಿಂಗಳಲ್ಲಿ ಬೋನಸ್ಸೋ ಬೆಳೆಯ ಹಣವೋ ಬರುವುದು ಖಚಿತವಿರುವವರಿಗೆ ಮಾತ್ರ ಅದು ಹೊಂದುತ್ತದೆ.

ಅಡವಿಲ್ಲದ ವೈಯಕ್ತಿಕ ಸಾಲದ ಬಡ್ಡಿ ಕೆಲಸ, ಸಂಬಳ, ಸಿಬಿಲ್ ಸ್ಕೋರ್ ನೋಡಿಕೊಂಡು ವರ್ಷಕ್ಕೆ ಸುಮಾರು ಶೇ 11ರಿಂದ ಮೇಲಕ್ಕೆ. ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಅದರ ಮೇಲಿನ ಸಾಲಕ್ಕೆ ಠೇವಣಿಯ ಬಡ್ಡಿಗಿಂತ ಶೇ 1 ಅಥವಾ 2 ಹೆಚ್ಚು, ಅಷ್ಟೇ. ಹಳೆಯ ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯದ ಮೇಲೂ ಸಾಲ ಸಿಗುತ್ತದೆ. ಇವೆರಡರಲ್ಲಿ ಯಾವುದಿದ್ದರೂ ಮೊದಲು ಅಲ್ಲಿಗೆ ಹೋಗುವುದು ಜಾಣತನ. ಏನೂ ಇಲ್ಲದ ಮನೆಯಲ್ಲಿ ಸಾಮಾನ್ಯವಾಗಿ ಉಳಿಯುವುದು ಬೀರುವಿನಲ್ಲಿರುವ ಚಿನ್ನ. ಬ್ಯಾಂಕುಗಳಲ್ಲಿ ಒಡವೆ ಸಾಲದ ಬಡ್ಡಿ ಸಾಮಾನ್ಯವಾಗಿ ಶೇ 9ರ ಆಚೀಚೆ. ಫೈನಾನ್ಸ್ ಕಂಪನಿಗಳಲ್ಲಿ ಅದಕ್ಕಿಂತ ಹೆಚ್ಚು, ಕೆಲವು ಯೋಜನೆಗಳಲ್ಲಿ ಬಹಳ ಹೆಚ್ಚು.

ದರವನ್ನು ಹೋಲಿಸುವಲ್ಲಿ ಕೈಚಳಕ ಬೇಕು. ಫ್ಲಾಟ್ ದರ ಶೇ 10 ಎಂದರೆ ಅಗ್ಗವಾಗಿ ಕೇಳಿಸುತ್ತದೆ. ಎರಡು ಲಕ್ಷಕ್ಕೆ ಎರಡು ವರ್ಷದ ಬಡ್ಡಿ 40,000, ಒಟ್ಟು 2,40,000, ತಿಂಗಳಿಗೆ ಸರಿಯಾಗಿ ಹತ್ತು ಸಾವಿರ. ಆದರೆ ಈ ಪದ್ಧತಿಯಲ್ಲಿ ಅಸಲು ಕರಗುತ್ತ ಬಂದರೂ ಬಡ್ಡಿಯನ್ನು ಕೊನೆಯವರೆಗೂ ಪೂರ್ತಿ ಎರಡು ಲಕ್ಷದ ಮೇಲೆಯೇ ಹಾಕುತ್ತಾರೆ. ಉಳಿದ ಅಸಲಿನ ಮೇಲೆ ಬಡ್ಡಿ ಕಟ್ಟುವ ಇಳಿಕೆ ಪದ್ಧತಿಗೆ ತಿರುಗಿಸಿದರೆ ಅದೇ ಸಾಲ ವರ್ಷಕ್ಕೆ ಸುಮಾರು ಶೇ 18 ಆಗುತ್ತದೆ. ಈ ಗೊಂದಲ ತಪ್ಪಿಸಲೆಂದೇ, 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ವೈಯಕ್ತಿಕ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪತ್ರ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಬಡ್ಡಿಯನ್ನೂ ಎಲ್ಲ ಶುಲ್ಕಗಳನ್ನೂ ಕೂಡಿಸಿದ ವಾರ್ಷಿಕ ದರ ಅದರಲ್ಲಿ ಒಂದೇ ಅಂಕೆಯಾಗಿ ಇರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಎರಡು ಕಡೆಯ ಸಾಲವನ್ನು ತೂಗಲು ಆ ಒಂದು ಅಂಕೆ ಸಾಕು.

ದರದ ಜೊತೆಗೆ ಅವಧಿಯನ್ನೂ ನೋಡಬೇಕು. ಶೇ 14ರ ವೈಯಕ್ತಿಕ ಸಾಲ ಎರಡು ಲಕ್ಷ ತಂದು ತಿಂಗಳಿಗೆ ಹತ್ತು ಸಾವಿರ ಕಟ್ಟಿದರೆ 23 ತಿಂಗಳಲ್ಲಿ ತೀರುತ್ತದೆ, ಬಡ್ಡಿ ಸುಮಾರು 29,000. ಕಂತು ಹಗುರಾಗಲಿ ಎಂದು ಅದನ್ನೇ ಐದು ವರ್ಷಕ್ಕೆ ಎಳೆದರೆ ಕಂತು 4,654ಕ್ಕೆ ಇಳಿಯುತ್ತದೆ, ಬಡ್ಡಿ ಮಾತ್ರ 79,000ಕ್ಕೆ ಏರುತ್ತದೆ. ಬ್ಯಾಂಕಿನವರು ಮೊದಲು ತೋರಿಸುವುದು ಕಂತನ್ನು. ಬಲ್ಲವರು ಮೊದಲು ಕೇಳುವುದು ಒಟ್ಟು ಎಷ್ಟು ಕಟ್ಟುತ್ತೇನೆ ಎಂದು.

ಒರೆಗಲ್ಲಿನ ಮುಂದೆ

ಒಡವೆ ಸಾಲ ಎಂದು ತೀರ್ಮಾನವಾದರೆ ಕೆಲಸ ಲೆಕ್ಕದ ಹಾಳೆಯಿಂದ ಎದ್ದು ಪರೀಕ್ಷಕರ ಮೇಜಿಗೆ ಬರುತ್ತದೆ. ಬ್ಯಾಂಕಿನಲ್ಲಿ ಇವರನ್ನು ಅಪ್ರೈಸರ್ ಎನ್ನುತ್ತಾರೆ, ಕರಾವಳಿಯ ಕಡೆ ಸರಾಫರು ಎನ್ನುವುದುಂಟು. ಹಲವು ಬ್ಯಾಂಕುಗಳಲ್ಲಿ ಇವರು ಸಂಬಳದ ನೌಕರರಲ್ಲ. ಪ್ರತಿ ಸಾಲಕ್ಕೆ ಇಂತಿಷ್ಟು ಎಂದು ಶುಲ್ಕ ಪಡೆಯುವ, ಚಿನ್ನದ ಕೆಲಸದಲ್ಲೇ ಕೈಪಳಗಿದ ಜನ.

ಪರೀಕ್ಷೆ ಕಣ್ಣಿನಿಂದ ಶುರು. ಒಡವೆಗಳನ್ನು ಬಿಡಿಬಿಡಿಯಾಗಿ ಹರಡಿ, ಕಣ್ಣಿಗೆ ಮಸೂರ ಹಿಡಿದು, ಕೊಂಡಿ, ತಿರುಪು, ಬೆಸುಗೆಯ ಜಾಗಗಳನ್ನು ನೋಡುತ್ತಾರೆ. ಮುಲಾಮು ಹಾಕಿದ ಒಡವೆಯಾದರೆ ಉಜ್ಜಿಸಿಕೊಳ್ಳುವ ಅಂಚುಗಳಲ್ಲಿ ಒಳಗಿನ ಲೋಹದ ಬಣ್ಣ ಇಣುಕುತ್ತದೆ. ಬಳೆಯ ಒಳಮೈಯಲ್ಲಿ ಹಾಲ್‌ಮಾರ್ಕ್ ಇದೆಯೇ ಎಂದು ಹುಡುಕುತ್ತಾರೆ. ಬಿಐಎಸ್ ಚಿಹ್ನೆ, 22 ಕ್ಯಾರೆಟ್ಟಿಗೆ 916 ಎಂಬ ಗುರುತು, ಆರು ಅಕ್ಷರ ಮತ್ತು ಅಂಕೆಗಳ ಎಚ್‌ಯುಐಡಿ ಸಂಖ್ಯೆ, ಇವು ಈಗಿನ ಹಾಲ್‌ಮಾರ್ಕಿನ ಮೂರು ಭಾಗಗಳು. 2023ರ ಏಪ್ರಿಲ್ 1ರಿಂದ ಮಾರಾಟವಾಗುವ ಹಾಲ್‌ಮಾರ್ಕ್ ಒಡವೆಗಳಲ್ಲಿ ಈ ಸಂಖ್ಯೆ ಇರಲೇಬೇಕು. ಅಜ್ಜಿಯ ಕಾಲದ ಅವಲಕ್ಕಿ ಸರಕ್ಕೆ ಇಂಥ ಗುರುತು ಇರುವುದಿಲ್ಲ. ಅಲ್ಲಿ ಕಲ್ಲೇ ಸಾಕ್ಷಿ.

ಒರೆಗಲ್ಲು ಅಂಗೈ ಅಗಲದ ಕರಿಯ ಕಲ್ಲು. ಮುಟ್ಟಿದರೆ ನುಣುಪು, ಆದರೆ ಲೋಹದ ಕಣ ಹಿಡಿದಿಟ್ಟುಕೊಳ್ಳುವಷ್ಟು ತರಿ ಅದರ ಮೈಯಲ್ಲಿರುತ್ತದೆ. ಒಡವೆಯ ಕಾಣದ ಅಂಚನ್ನು ಕಲ್ಲಿಗೆ ಒತ್ತಿ ಒಂದು ಗೆರೆ ಎಳೆಯುತ್ತಾರೆ. ಅದರ ಪಕ್ಕದಲ್ಲೇ, ತುದಿಗೆ ಶುದ್ಧತೆ ಗೊತ್ತಿರುವ ಚಿನ್ನ ಬೆಸೆದ ಕಡ್ಡಿಯಿಂದ ಇನ್ನೊಂದು ಗೆರೆ. 18, 20, 22 ಹೀಗೆ ಒಂದೊಂದು ಕ್ಯಾರೆಟ್ಟಿಗೆ ಒಂದೊಂದು ಕಡ್ಡಿ. ಎರಡೂ ಗೆರೆಗಳ ಉದ್ದ, ಅಗಲ, ಒತ್ತಡ ಒಂದೇ ಆಗಿರಬೇಕು. ಒತ್ತಡ ಹೆಚ್ಚಾದರೆ ಬಣ್ಣ ದಟ್ಟವಾಗಿ ಕಂಡು ಕಣ್ಣು ಮೋಸ ಹೋಗುತ್ತದೆ. ಕೈಗೆ ಈ ಸಮತೋಲ ಬರುವುದಕ್ಕೇ ವರ್ಷಗಟ್ಟಲೆ ಅಭ್ಯಾಸ ಬೇಕು.

ಗೆರೆಗಳ ಮೇಲೆ ಗಾಜಿನ ಕಡ್ಡಿಯಿಂದ ಒಂದು ಹನಿ ನೈಟ್ರಿಕ್ ಆಮ್ಲ ಸವರುತ್ತಾರೆ. ಹಿತ್ತಾಳೆಯಾದರೆ ಗೆರೆ ಹಸಿರು ನೊರೆಯೆದ್ದು ಮಾಯವಾಗುತ್ತದೆ. ಬೆರಕೆ ಹೆಚ್ಚಿರುವ ಚಿನ್ನದ ಗೆರೆ ಮಂಕಾಗಿ ತೆಳುವಾಗುತ್ತದೆ. 22 ಕ್ಯಾರೆಟ್ಟಿನ ಗೆರೆ ಅಲುಗುವುದಿಲ್ಲ. ಮಂಕಾಗುವ ವೇಗವನ್ನು ಪಕ್ಕದ ಗೆರೆಯೊಂದಿಗೆ ಹೋಲಿಸಿ ಇದು 20, ಇದು 18 ಎಂದು ಹೇಳುತ್ತಾರೆ. ಕಲ್ಲಿನ ಮೇಲೆ ಉಳಿಯುವ ಚಿನ್ನ ತಕ್ಕಡಿಗೆ ಸಿಗದಷ್ಟು ಅಲ್ಪ.

ಕಲ್ಲು ಹೇಳುವುದು ಮೇಲ್ಮೈಯ ಕಥೆ. ಕೆಲವು ಕಡೆ ಇಟ್ಟಿರುವ ಎಕ್ಸ್‌ರೇ ಕ್ಯಾರೆಟ್ ಮೀಟರ್ ಕೂಡ ಮೇಲ್ಪದರವನ್ನಷ್ಟೇ ಓದುತ್ತದೆ. ಒಳಗೆ ಏನಿದೆ ಎಂದು ತಿಳಿಯಲು ಗಟ್ಟಿ ಒಡವೆಯನ್ನು ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗುವ ವಿಧಾನವಿದೆ. ಅಪ್ಪಟ ಚಿನ್ನ ಅಷ್ಟೇ ಗಾತ್ರದ ನೀರಿಗಿಂತ 19.3 ಪಟ್ಟು ಭಾರ, 22 ಕ್ಯಾರೆಟ್ಟಿನದು ಸುಮಾರು 17.7 ಪಟ್ಟು. ತಾಮ್ರ, ಬೆಳ್ಳಿ ಒಳಗಿದ್ದರೆ ಈ ಅಂಕೆ ಕೆಳಗೆ ಬೀಳುತ್ತದೆ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ ಮಾತ್ರ ಹೆಚ್ಚುಕಡಿಮೆ ಚಿನ್ನದಷ್ಟೇ. ಅದು ನೀರಿನ ತೂಕವನ್ನೂ ವಂಚಿಸಬಲ್ಲದು. ಹೀಗಾಗಿ ಯಾವ ಒಂದು ಪರೀಕ್ಷೆಯನ್ನೂ ಪರೀಕ್ಷಕರು ಪೂರ್ತಿ ನಂಬುವುದಿಲ್ಲ. ಕಣ್ಣು, ಕಲ್ಲು, ಆಮ್ಲ, ತೂಕ ಎಲ್ಲವೂ ಒಂದೇ ಮಾತು ಹೇಳಿದರಷ್ಟೇ ಪುಸ್ತಕದಲ್ಲಿ ಬರೆಯುತ್ತಾರೆ.

ಆಮೇಲೆ ಕಳೆಯುವ ಲೆಕ್ಕ. ಕರಿಮಣಿ ಸರದಲ್ಲಿ ಮಣಿ ಮತ್ತು ದಾರದ ತೂಕ ಕಳೆಯಬೇಕು. ಜುಮುಕಿಯಲ್ಲಿ ಕೆಂಪು, ಮುತ್ತು, ಪಚ್ಚೆಗಳ ತೂಕ. ಉತ್ತರ ಕರ್ನಾಟಕದ ಬೋರಮಾಳದಲ್ಲಿ ಗುಂಡಿನೊಳಗಿನ ಅರಗು. ಅರಗನ್ನು ಹೊರತೆಗೆಯದೆ, ಗುಂಡಿನ ಗಾತ್ರವನ್ನೂ ಕೈಗೆ ಸಿಗುವ ಭಾರವನ್ನೂ ನೋಡಿ ಅಂದಾಜಿಸುವುದು ಅನುಭವದ ಮಾತು. ಹಳೆಯ ಒಡವೆಗಳಲ್ಲಿ ಬೆಸುಗೆಗೆ ಬೆರಕೆ ಹೆಚ್ಚಿರುವ ಲೋಹ ಬಳಸಿರುತ್ತಾರೆ. ಕೊಂಡಿ ಹೆಚ್ಚಿದ್ದಷ್ಟೂ ಒಟ್ಟಾರೆ ಶುದ್ಧತೆ ಸ್ವಲ್ಪ ಇಳಿಯುತ್ತದೆ. ಇಷ್ಟೆಲ್ಲ ಕಳೆದು ಉಳಿಯುವುದು ನಿವ್ವಳ ತೂಕ. ಸಾಲ ಸಿಗುವುದು ಅದರ ಮೇಲೆ ಮಾತ್ರ. ಕಲ್ಲು, ಕೂಲಿ, ಕುಸುರಿ ಯಾವುದಕ್ಕೂ ಬೆಲೆಯಿಲ್ಲ.

ಈ ಕ್ರಮಕ್ಕೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ವಿವರವಾದ ನಿಯಮ ತಂದಿತು. ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಅದನ್ನು ಅಳವಡಿಸಿಕೊಳ್ಳಲು ಇಟ್ಟ ಗಡುವು 2026ರ ಏಪ್ರಿಲ್ 1. ಪರೀಕ್ಷೆ ನಡೆಯುವಾಗ ಸಾಲಗಾರ ಎದುರಿನಲ್ಲೇ ಇರಬೇಕು. ಕ್ಯಾರೆಟ್, ಒಟ್ಟು ತೂಕ, ನಿವ್ವಳ ತೂಕ, ಕಳೆದದ್ದು ಎಷ್ಟು, ಒಡವೆಯಲ್ಲಿ ಮೊದಲೇ ಇದ್ದ ಮುರುಕು ಅಥವಾ ದೋಷ, ಒಡವೆಯ ಚಿತ್ರ, ಇಷ್ಟೂ ಇರುವ ಪ್ರಮಾಣಪತ್ರ ಕೊಡಬೇಕು. ಬೆಲೆ ಕಟ್ಟುವಾಗ ಹಿಂದಿನ 30 ದಿನಗಳ ಸರಾಸರಿ ದರ ಮತ್ತು ಹಿಂದಿನ ದಿನದ ದರ, ಈ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು. ಗಿರವಿ ಅಂಗಡಿಗಳಿಗೆ ಈ ನಿಯಮ ತಾಕುವುದಿಲ್ಲ. ಅವು ನಡೆಯುವುದು ರಾಜ್ಯದ ಗಿರವಿದಾರರ ಕಾಯ್ದೆಯಡಿ.

ಎಷ್ಟು ಇಡುವುದು, ಹೇಗೆ ಕಟ್ಟುವುದು

ರಿಸರ್ವ್ ಬ್ಯಾಂಕಿನ ಇದೇ ನಿಯಮದಂತೆ, ಸಾಲ ಎರಡೂವರೆ ಲಕ್ಷದವರೆಗಿದ್ದರೆ ಚಿನ್ನದ ಬೆಲೆಯ ಗರಿಷ್ಠ ಶೇ 85, ಅಲ್ಲಿಂದ ಐದು ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಲೆಕ್ಕದ ಅನುಕೂಲಕ್ಕೆ ಗ್ರಾಂಗೆ 10,000 ರೂಪಾಯಿ ಎಂದುಕೊಂಡರೆ, ತಿಂಗಳ ಕಂತಿನ ಸಾಲವಾಗಿ ಎರಡು ಲಕ್ಷ ಸಿಗಲು ನಿವ್ವಳ ಸುಮಾರು 23.5 ಗ್ರಾಂ ಸಾಕು. ಬೀರುವಿನಲ್ಲಿ 60 ಗ್ರಾಂ ಇದೆ ಎಂದು ಅಷ್ಟನ್ನೂ ಇಡಬೇಕಿಲ್ಲ. ಸಿಗುವಷ್ಟು ಸಾಲ ತೆಗೆದುಕೊಳ್ಳಿ, ಮಿಕ್ಕದ್ದು ಖರ್ಚಿಗಾಯಿತು ಎಂಬ ಮಾತು ಕೌಂಟರಿನಲ್ಲಿ ಬರಬಹುದು. ಈ ಕಸುಬಿನಲ್ಲಿ ಹೊಸ ಸಾಲದ ಮೊತ್ತ ಹಳೆಯ ಬಾಕಿಗಿಂತ ಒಂದು ರೂಪಾಯಿಯೂ ಹೆಚ್ಚಬಾರದು. ಯಾವ ಒಡವೆ ಇಡುವುದು ಎಂಬುದಕ್ಕೂ ಕ್ರಮವಿದೆ. ಕಲ್ಲಿಲ್ಲದ ಬಳೆ, ಸಾದಾ ಸರ, ಗುರುತಿರುವ ಗಟ್ಟಿ ಒಡವೆ ಮೊದಲು. ಕಳೆಯುವ ಭಾಗ ಕಡಿಮೆ, ತಕರಾರೂ ಕಡಿಮೆ.

ಕಟ್ಟುವ ಬಗೆ ಎರಡು. ಒಂದರಲ್ಲಿ ಹನ್ನೆರಡು ತಿಂಗಳ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟಬೇಕು. ಇದನ್ನು ಬುಲೆಟ್ ಎನ್ನುತ್ತಾರೆ. ತಿಂಗಳು ತಿಂಗಳೂ ಹೊರೆಯಿಲ್ಲದ್ದರಿಂದ ಹಗುರವೆನಿಸುತ್ತದೆ. ವರ್ಷದ ಕೊನೆಗೆ ಶೇ 9ರಂತೆ 2,18,000 ಒಂದೇ ಸಲ ಹೊಂದಿಸಲಾಗದವರು ಬಡ್ಡಿ ಕಟ್ಟಿ ನವೀಕರಿಸುತ್ತ ಹೋಗುತ್ತಾರೆ, ಅಸಲು ಅಲ್ಲೇ ಕೂತಿರುತ್ತದೆ. ಬೆಳೆ ಬಂದಾಗ ಹಣ ಕಾಣುವ ಕೃಷಿಕರಿಗೆ ಅದು ಸರಿ. ಸಂಬಳದವರಿಗೆ ಹೊಂದುವುದು ಇಎಂಐ. ಎರಡು ಲಕ್ಷಕ್ಕೆ ಶೇ 9ರಂತೆ ಮೊದಲ ತಿಂಗಳ ಬಡ್ಡಿ 1,500 ರೂಪಾಯಿ. ಹತ್ತು ಸಾವಿರ ಕಟ್ಟಿದರೆ 8,500 ಅಸಲಿಗೆ. ಕಾರ್ಡಿನಲ್ಲಿ ಅಸಲಿಗೆ ಹೋಗುತ್ತಿದ್ದದ್ದು 1,740. ಇದೇ ಕಂತನ್ನು ಬಿಡದೆ ಕಟ್ಟಿದರೆ 22 ತಿಂಗಳಲ್ಲಿ ಸಾಲ ಮುಗಿಯುತ್ತದೆ, ಬಡ್ಡಿ ಒಟ್ಟು ಸುಮಾರು 17,500. ಕಾರ್ಡಿನಲ್ಲೇ ಇದ್ದಿದ್ದರೆ ಬಡ್ಡಿ ಮತ್ತು ತೆರಿಗೆ 2.32 ಲಕ್ಷ. ಪರೀಕ್ಷಾ ಶುಲ್ಕ, ಸಂಸ್ಕರಣಾ ಶುಲ್ಕಗಳನ್ನು ಸೇರಿಸಿದರೂ ಈ ಅಂತರ ಕದಲುವುದಿಲ್ಲ.

ಈ ಲಾಭಕ್ಕೆ ಪ್ರತಿಯಾಗಿ ಮನೆ ಒಂದು ರಕ್ಷಣೆಯನ್ನು ಬಿಟ್ಟುಕೊಡುತ್ತದೆ. ಕಾರ್ಡಿನ ಸಾಲ ಅಡವಿಲ್ಲದ ಸಾಲ. ಕಟ್ಟದಿದ್ದರೆ ಫೋನು ಬರುತ್ತದೆ, ನೋಟಿಸು ಬರುತ್ತದೆ, ಸ್ಕೋರ್ ಬೀಳುತ್ತದೆ. ಬಳೆ ಮಾತ್ರ ಕೈಯಲ್ಲೇ ಇರುತ್ತದೆ. ಒಡವೆ ಸಾಲ ತಪ್ಪಿದರೆ ಒಡವೆ ಹರಾಜಿಗೆ ಹೋಗುತ್ತದೆ. ಹೊಸ ನಿಯಮದಂತೆ ಮೊದಲ ಹರಾಜಿನ ಮೀಸಲು ಬೆಲೆ ಆಗಿನ ಮೌಲ್ಯದ ಶೇ 90ಕ್ಕಿಂತ ಕಡಿಮೆ ಇರುವಂತಿಲ್ಲ, ಬಾಕಿ ಕಳೆದು ಉಳಿದದ್ದನ್ನು ಸಾಲಗಾರನಿಗೆ ಹಿಂದಿರುಗಿಸಬೇಕು. ಹಣ ಬಂದರೂ ಅಜ್ಜಿಯ ಸರ ಬರುವುದಿಲ್ಲ. ಆದ್ದರಿಂದ ಕೆಲಸವೇ ಅಲುಗಾಡುತ್ತಿರುವ ಹೊತ್ತಿನಲ್ಲಿ ಬಲ್ಲವರು ಒಡವೆಯ ದಾರಿ ಹಿಡಿಯುವುದಿಲ್ಲ. ದರ ಸ್ವಲ್ಪ ಹೆಚ್ಚಾದರೂ ವೈಯಕ್ತಿಕ ಸಾಲಕ್ಕೆ ಹೋಗುತ್ತಾರೆ. ನಾಲ್ಕೈದು ತಿಂಗಳ ಸಂಬಳದಲ್ಲೇ ತೀರುವ ಬಾಕಿಯಾದರೆ ಎಲ್ಲಿಗೂ ದಾಟಿಸದೆ, ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿಬಿಡುತ್ತಾರೆ.

ತೀರಿಸುವ ದಿನ

ಸಾಲದ ಹಣ ಖಾತೆಗೆ ಬಂದ ದಿನವೇ ಕಾರ್ಡಿಗೆ ಹೋಗಬೇಕು. ಮಧ್ಯೆ ಒಂದು ವಾರ ಉಳಿದರೆ ಎರಡೂ ಕಡೆ ಬಡ್ಡಿ ಓಡುತ್ತದೆ, ಹಣ ಬೇರೆ ಖರ್ಚಿಗೂ ಜಾರುತ್ತದೆ. ಎಷ್ಟು ಕಟ್ಟಬೇಕು ಎಂಬುದು ಇಲ್ಲಿನ ಸೂಕ್ಷ್ಮ. ಸ್ಟೇಟ್‌ಮೆಂಟಿನಲ್ಲಿರುವ ಮೊತ್ತ ಅದು ತಯಾರಾದ ದಿನದ್ದು. ಆ ದಿನದಿಂದ ಇಂದಿನವರೆಗೆ ಬಡ್ಡಿ ದಿನದ ಲೆಕ್ಕದಲ್ಲಿ ಬೆಳೆದಿರುತ್ತದೆ. ಎರಡು ಲಕ್ಷಕ್ಕೆ ಶೇ 3.5ರಂತೆ ದಿನಕ್ಕೆ ಸುಮಾರು 230 ರೂಪಾಯಿ, ತೆರಿಗೆ ಸೇರಿದರೆ 270. ಸ್ಟೇಟ್‌ಮೆಂಟಿನ ಮೊತ್ತವನ್ನಷ್ಟೇ ಕಟ್ಟಿ ಮುಗಿಯಿತು ಎಂದು ಕೂತವರಿಗೆ ಮುಂದಿನ ತಿಂಗಳು ಮೂರೋ ನಾಲ್ಕೋ ಸಾವಿರದ ಬಾಕಿ ಎದುರಾಗುತ್ತದೆ. ಅದನ್ನು ಗಮನಿಸದೆ ಬಿಟ್ಟರೆ ತಡಪಾವತಿ ಶುಲ್ಕವೂ ಹತ್ತುತ್ತದೆ. ಅದಕ್ಕಾಗಿ ಗ್ರಾಹಕ ಸೇವೆಗೆ ಕರೆ ಮಾಡಿ, ಬಿಲ್ಲಿಗೆ ಬಾರದ ಬಡ್ಡಿಯೂ ಸೇರಿ ಇಂದು ಪೂರ್ತಿ ತೀರಿಸಲು ಎಷ್ಟು ಎಂದು ಕೇಳಿ ಬರೆದುಕೊಳ್ಳುವುದು ವಾಡಿಕೆ. ಕಾರ್ಡಿನ ಮೇಲೆ ಫ್ರಿಜ್ಜೋ ಫೋನೋ ಇಎಂಐನಲ್ಲಿದ್ದರೆ ಅದರ ಉಳಿದ ಅಸಲು ಮತ್ತು ಅವಧಿಗೆ ಮುಂಚೆ ತೀರಿಸುವ ಶುಲ್ಕವನ್ನು ಪ್ರತ್ಯೇಕವಾಗಿ ಕೇಳಬೇಕು. ಮುಂದಿನ ಸ್ಟೇಟ್‌ಮೆಂಟಿನಲ್ಲಿ ಸೊನ್ನೆ ಕಾಣುವವರೆಗೆ ಈ ಹಂತ ಮುಗಿದಂತಲ್ಲ.

ಇದೇ ಹೊತ್ತಿನಲ್ಲಿ ವಸೂಲಿಯವರಿಂದ ಸೆಟ್ಲ್‌ಮೆಂಟ್ ಮಾತು ಬರುವುದುಂಟು. ಎರಡು ಲಕ್ಷದ ಬದಲು ಒಂದು ಇಪ್ಪತ್ತು ಕೊಡಿ, ಮುಗಿಸೋಣ ಎಂದು. ಪೂರ್ತಿ ಕಟ್ಟುವ ಶಕ್ತಿ ಇರುವವರು ಅದಕ್ಕೆ ಒಪ್ಪುವುದಿಲ್ಲ. ಪೂರ್ತಿ ಕಟ್ಟಿದ ಖಾತೆ ಸಿಬಿಲ್ ವರದಿಯಲ್ಲಿ ಕ್ಲೋಸ್ಡ್ ಎಂದು ದಾಖಲಾಗುತ್ತದೆ, ಇನ್ನೊಂದು ಸೆಟಲ್ಡ್ ಎಂದು. ಆ ಒಂದು ಪದ ವರ್ಷಗಳ ಕಾಲ ಉಳಿದು, ಮುಂದೆ ಮನೆ ಸಾಲ ಕೇಳಲು ಹೋದಾಗ ಅಡ್ಡ ಬರುತ್ತದೆ.

ಇನ್ನು ಕಾರ್ಡಿನ ಗತಿ. ವಿದ್ಯುತ್ ಬಿಲ್ಲು, ಓಟಿಟಿ, ವಿಮೆಯ ಕಂತು, ಹೀಗೆ ಅದಕ್ಕೆ ಕಟ್ಟಿಹಾಕಿದ ತಾನೇತಾನಾಗಿ ಕಡಿತವಾಗುವ ಪಾವತಿಗಳನ್ನೆಲ್ಲ ಮೊದಲು ಬಿಡಿಸಿ ಉಳಿತಾಯ ಖಾತೆಗೆ ಜೋಡಿಸಬೇಕು. ಆಮೇಲೆ ಕಾರ್ಡನ್ನು ಮುಚ್ಚಬಹುದು, ಇಲ್ಲವೇ ಮಿತಿಯನ್ನು ಇಳಿಸಿ ಇಟ್ಟುಕೊಳ್ಳಬಹುದು. ಮುಚ್ಚುವುದಾದರೆ ಅರ್ಜಿ ಬರವಣಿಗೆಯಲ್ಲಿರಲಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ಗ್ರಾಹಕನಿಗೆ ದಿನಕ್ಕೆ 500 ರೂಪಾಯಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮ.

ಇಪ್ಪತ್ತೆರಡು ತಿಂಗಳು

ಕಾರ್ಡಿನ ಸ್ಟೇಟ್‌ಮೆಂಟ್ ಸೊನ್ನೆಯಾದ ದಿನ ಸಾಲ ತೀರಿದಂತೆ ತೋರುತ್ತದೆ. ಅಸಲಿಗೆ ಒಂದು ರೂಪಾಯಿಯೂ ತೀರಿಲ್ಲ. ಎರಡು ಲಕ್ಷ ಜಾಗ ಬದಲಿಸಿದೆ, ಅಷ್ಟೇ. ಖಾಲಿಯಾದ ಕಾರ್ಡಿನಲ್ಲಿ ಈಗ ಪೂರ್ತಿ ಮಿತಿ ಮತ್ತೆ ಕೈಗೆ ಸಿಗುವುದರಿಂದ, ಹಬ್ಬದ ಖರೀದಿಗೆ ಅದನ್ನು ಹೊರತೆಗೆದರೆ ಮನೆಗೆ ಎರಡು ಸಾಲ. ಬಡ್ಡಿ ಇಳಿಸುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಸಾಲ ಇಳಿಸುವ ಕೆಲಸ ಹತ್ತು ಸಾವಿರದ ಕಂತನ್ನು ಇಪ್ಪತ್ತೆರಡು ತಿಂಗಳು ಅಲುಗದಂತೆ ಹಿಡಿದಿಡುವುದರಲ್ಲಿದೆ. ಬ್ಯಾಂಕು ಆರು ಸಾವಿರ ಸಾಕು ಎಂದರೂ ಹಳೆಯ ಹತ್ತನ್ನೇ ಕಟ್ಟಬೇಕು. ಹೆಚ್ಚುವರಿಯಾಗಿ ಕಟ್ಟಲು ಶುಲ್ಕವಿದೆಯೇ ಎಂದು ಸಹಿ ಹಾಕುವ ಮುಂಚೆಯೇ ಕೇಳಿಟ್ಟುಕೊಳ್ಳುವುದು ಇದಕ್ಕಾಗಿಯೇ.

ಕೊನೆಯ ಕಂತು ಕಟ್ಟಿದ ಮೇಲೆ ಒಡವೆ ಬಿಡಿಸಿಕೊಳ್ಳುವ ದಿನ ಬರುತ್ತದೆ. ನಿಯಮದಂತೆ ಅಂದೇ, ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಕೈಸೇರಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಮೊಹರು ಒಡೆಯುವುದನ್ನು ಎದುರಿನಲ್ಲೇ ನೋಡಿ, ಮೊದಲ ದಿನದ ಪ್ರಮಾಣಪತ್ರ ಮುಂದಿಟ್ಟುಕೊಂಡು, ಬಿಡಿಬಿಡಿಯಾಗಿ ಮತ್ತೆ ತೂಗಿಸಬೇಕು. ಒಟ್ಟು ತೂಕ ಅಂದಿನಷ್ಟೇ ಬಂದರೆ ಸಹಿ ಹಾಕಿ, ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆಯಬೇಕು. ಬ್ಯಾಂಕುಗಳು 2025ರಿಂದ ಸಿಬಿಲ್‌ನಂಥ ಸಂಸ್ಥೆಗಳಿಗೆ ಕಡಿಮೆಯೆಂದರೂ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸುವುದರಿಂದ, ತಿಂಗಳೊಳಗೆ ವರದಿ ತೆಗೆಸಿ ಖಾತೆ ಮುಚ್ಚಿದೆಯೇ ಎಂದೂ ನೋಡಬಹುದು.

ಇಪ್ಪತ್ತಮೂರನೆಯ ತಿಂಗಳೂ ಸಂಬಳದಲ್ಲಿ ಆ ಹತ್ತು ಸಾವಿರ ಇರುತ್ತದೆ. ಅದಿಲ್ಲದೆ ಮನೆ ನಡೆಸುವುದು ಅಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿರುತ್ತದೆ. ಲೆಕ್ಕ ಬಲ್ಲವರು ಅಂದೇ ಅದನ್ನು ಅದೇ ಬ್ಯಾಂಕಿನ ಆರ್‌ಡಿಗೆ ತಿರುಗಿಸುತ್ತಾರೆ. ವರ್ಷ ತುಂಬುವಾಗ ಬಡ್ಡಿ ಬಿಟ್ಟು 1,20,000. ಮುಂದಿನ ಆಸ್ಪತ್ರೆಯ ಬಿಲ್ಲು ಕಾರ್ಡಿನ ತನಕ ಹೋಗದಿರಲು ಬೇಕಾದದ್ದು ಆ ಹಣ.